ಹನ್ನೆರಡು ಕಿಲೋದ ಮುಕ್ಕಾಲಿ

ಕಬ್ಬಿಣದ ಕೆಲಸದವರಿಗೆ ನಗು ಕಡಿಮೆ ಅನ್ನುವವರು ಕೋಟದ ನನ್ನ ವರ್ಕ್‌ಶಾಪಿಗೆ ಒಂದು ದಿನ ಬಂದು ಕೂರಬೇಕು. ದೋಣಿ ಇಂಜಿನ್ ರಿಪೇರಿಯಿಂದ ಶುರುಮಾಡಿದವಳು ನಾನು. ಓದಿದ್ದು ಏಳನೇ ಕ್ಲಾಸು. ಡ್ರಾಯಿಂಗ್ ಓದಲು ಕಲಿತದ್ದು ನಿಘಂಟು ಪಕ್ಕದಲ್ಲಿಟ್ಟುಕೊಂಡು.

ಸೈನ್ಯಕ್ಕೆ ಹಗುರವಾದ ಹೆವಿ ಮೆಷಿನ್ ಗನ್ ಮಾಡುತ್ತಿರುವ ಕಂಪನಿಯೊಂದು, ಅದನ್ನು ಕೂರಿಸುವ ಮುಕ್ಕಾಲಿಯ ಮಾದರಿ ಮಾಡುವ ಕೆಲಸವನ್ನು ನಮಗೆ ಒಪ್ಪಿಸಿತು. ಹನ್ನೆರಡು ಕಿಲೋ ಮೀರಿದರೆ ಕೆಲಸ ಬೇರೆಯವರಿಗೆ.

೧. ಪುಣ್ಯಾತ್ಮ

ವೆಲ್ಡರ್ ತಲೆ ಕೆರೆದುಕೊಂಡ. "ಅಕ್ಕ, ಹೆವಿ ಅಂತ್ರ್, ಹಗುರ ಅಂತ್ರ್. ಎಂತ ಕತಿ ಇದ್?"

"ಗುಂಡು ದೊಡ್ಡದು. ಹಗುರ ಬೇಕಾದ್ದು ಹೊರುವವನ ಬೆನ್ನಿಗೆ."

"ನಮ್ಮನಿ ಗ್ಯಾಸ್ ಸಿಲಿಂಡರ್ ಹಗುರ ಮಾಡುಕೂ ಇಂತಾ ಪುಣ್ಯಾತ್ಮ ಒಬ್ಬ ಸಿಕ್ಕುಕಿತ್ತ್!"

೨. ಮೂರು ಕೋಟು

ಸಂಜೆ ತೂಗಿದಾಗ ಮುಕ್ಕಾಲಿ ಹನ್ನೆರಡರ ಒಳಗಿತ್ತು. ಮರುದಿನ ಮಧ್ಯಾಹ್ನ ತೂಗಿದರೆ ಹನ್ನೆರಡು ಕಿಲೋ ಮೀರಿತ್ತು! ನಮ್ಮ ಪೇಂಟರ್ ಜನ್ಮವಿಡೀ ದೋಣಿಗೆ ಬಣ್ಣ ಬಳಿದವರು.

"ಉಪ್ಪ್ ಗಾಳಿ ಅಲ್ದಾ? ಮೂರ್ ಕೋಟ್ ಬಳ್ದಿದೆ."

"ಇದು ಹಿಮದ ಗುಡ್ಡಕ್ಕೆ ಹೋಪ್ದ್ ಮಾರಾಯ್ರೆ!"

"ಆದ್ರೂ ಹೊರಡುದ್ ಕೋಟದಿಂದ ಅಲ್ದಾ?"

ಎರಡು ದಿನ ಕೆರೆದೆವು. ಕಾಲಿನ ಅಡಿಯಲ್ಲಿ, ದೋಣಿಗೆ ಬರೆಯುವ ಹಾಗೆ ಒಂದು ಹೆಸರು ಬರೆದಿದ್ದರು. ನನ್ನದೇ. ಅದೊಂದನ್ನು ಕೆರೆಯಲಿಲ್ಲ. ಹೆಸರಿಗೆ ಎಷ್ಟು ಮಹಾ ತೂಕ?

೩. ಪರೀಕ್ಷೆ

ನೋಡಲು ಕಂಪನಿಯ ಇಂಜಿನಿಯರ್ ಮತ್ತು ನಿವೃತ್ತ ಸೇನಾಧಿಕಾರಿಯೊಬ್ಬರು ಬಂದರು. ತೂಕ ಸರಿಯಾಯಿತು. ಅದನ್ನು ಹೊತ್ತು ವರ್ಕ್‌ಶಾಪಿನ ಹಿಂದಿನ ಗುಡ್ಡ ಹತ್ತುವುದು ಬಾಕಿ. ಇಂಜಿನಿಯರ್ ಹೆಗಲಿಗೇರಿಸಿ ಹತ್ತು ಹೆಜ್ಜೆ ಇಟ್ಟ. ಮೂರು ಕಾಲುಗಳೂ ತೂಗಾಡಿ ಸೊಂಟಕ್ಕೆ ಗುದ್ದಿದವು. "ಇದನ್ನು ಹೊರಲಾಗದು ಸರ್" ಎಂದು ಇಳಿಸಿಬಿಟ್ಟ.

ದಿನಾ ಬರುವ ಮೀನಿನ ಅಕ್ಕ ಬುಟ್ಟಿ ಕೆಳಗಿಟ್ಟು ನೋಡುತ್ತಿದ್ದಳು. "ಹ್ವಾಯ್, ಇದನ್ನ್ ಯಾರಾರೂ ಹೆಗಲಿಗ್ ಹೊತ್ಕಂತ್ರಾ? ತಲಿಗ್ ಕೊಡಿ ಕಾಂಬ."

ಮೂರು ಕಾಲೂ ಮಡಚಿ, ಬುಟ್ಟಿಯ ಹಗ್ಗದಿಂದ ಬಿಗಿದು, ಬಟ್ಟೆಯ ಸಿಂಬೆ ಇಟ್ಟು ತಲೆಗೇರಿಸಿದಳು. ಗುಡ್ಡ ಹತ್ತಿ ಇಳಿದು ಬಂದಳು. ಏದುಸಿರೂ ಇಲ್ಲ.

"ಭಾರವಾಯಿತಾ?" ಎಂದರು ಅಧಿಕಾರಿ.

"ಇದ್ ಖಾಲಿ ಬುಟ್ಟಿ ಅಲ್ದಾ? ಮೀನ್ ಯಾವಾಗ ಹಾಕ್ತ್ರಿ?"

ಅಧಿಕಾರಿ ಜೋರಾಗಿ ನಕ್ಕು, ಹಗ್ಗ ಕಟ್ಟಿದ ಜಾಗ ಮುಟ್ಟಿ ನೋಡಿದರು. "ಇಲ್ಲೊಂದು ಕಾಲು ಬಿಗಿಯುವ ಪಟ್ಟಿ ಹಾಕಿ. ಇನ್ನೂ ಹತ್ತು ಮಾಡಿ ಕೊಡಿ."

ನನ್ನ ಕಣ್ಣು ತುಂಬುವಷ್ಟರಲ್ಲಿ ಮೀನಿನ ಅಕ್ಕ ಅವರ ಮುಂದೆ ಬುಟ್ಟಿ ತಂದಿಟ್ಟಳು. "ನಿಮ್ ಭಾರ ನಾನ್ ಹೊತ್ತೆ. ಈಗ ನನ್ ಬಂಗುಡೆ ಭಾರ ನೀವ್ ಇಳ್ಸಿ."

ಅವರ ಜೀಪು ಹೊರಟಾಗ ಒಳಗೆ ಒಂದು ಮುಕ್ಕಾಲಿ, ಒಂದು ಬುಟ್ಟಿ ಬಂಗುಡೆ. ಮುಕ್ಕಾಲಿಯನ್ನು ಮೂರು ಸಲ ತೂಗಿದ್ದರು. ಬಂಗುಡೆ ತೂಗಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.