ಖಾಲಿ ಖಾನಾವಳಿ ತುಂಬಿದ ದಿನ

ವೀರೇಶನಿಗೆ ಆ ದಿನ ಬಂದ ಕಷ್ಟವೆಲ್ಲ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಂದ ಒಂದು ಫೋನಿನಿಂದ ಶುರುವಾಯಿತು. ಮಾತಾಡಿದವರು ಹೇಮಲತಾ ಅಂತ, ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇದ್ದ ಒಂದು ಚಿಕ್ಕ ಕಂಪನಿಯ ಅಡ್ಮಿನ್ ಮ್ಯಾನೇಜರ್. ಅವರ ಕಂಪನಿಯವರು ದಿನಾ ಮಧ್ಯಾಹ್ನ ಊಟ ಮಾಡುವುದಕ್ಕೆ ಒಂದು ಹೋಟೆಲು ಗೊತ್ತು ಮಾಡಬೇಕಾಗಿತ್ತಂತೆ. ಆಫೀಸಿನ ಹುಡುಗರು ಯಾರೋ ವೀರೇಶನ ಖಾನಾವಳಿಯ ಹೆಸರು ಹೇಳಿದ್ದರಂತೆ. "ಲಂಚ್ ಟೈಮಲ್ಲಿ ನಿಮ್ಮಲ್ಲಿ ಹೇಗಿರುತ್ತೆ ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕು. ಇವತ್ತೇ ಒಂದೂವರೆಗೆ ಬರ್ತೀನಿ," ಎಂದು ಹೇಳಿ ಫೋನಿಟ್ಟರು.

ಲಂಚ್ ಟೈಮಲ್ಲಿ ಹೇಗಿರುತ್ತದೆ ಎನ್ನುವುದು ವೀರೇಶನಿಗೆ ಚೆನ್ನಾಗಿಯೇ ಗೊತ್ತಿತ್ತು. ಎರಡು ಮೇಜು ತುಂಬಿದರೆ ಅವನಿಗೆ ಹಬ್ಬ. ಮಿಕ್ಕ ಮೇಜುಗಳ ಮೇಲೆ ಫ್ಯಾನುಗಳು ಯಾರಿಗೂ ಬೇಡದ ಗಾಳಿ ಬೀಸುತ್ತಿದ್ದವು. ಎದುರುಗಡೆಯ ಶಿವಶಂಕರನ ಮುದ್ದೆ ಹೋಟೆಲಿನ ಮುಂದೆ ಮಾತ್ರ ಕತ್ತಿಗೆ ಕಂಪನಿಯ ಟ್ಯಾಗು ತೂಗುಹಾಕಿಕೊಂಡ ಜನ ಸಾಲಾಗಿ ನಿಂತಿರುತ್ತಿದ್ದರು. ಕೆಲವು ದಿನ ಆ ಸಾಲು ರಸ್ತೆ ದಾಟಿ ಇವನ ಬಾಗಿಲ ತನಕ ಬರುತ್ತಿತ್ತು. ಬಾಗಿಲು ದಾಟಿ ಒಳಗೆ ಮಾತ್ರ ಬರುತ್ತಿರಲಿಲ್ಲ.

ಊಟದಲ್ಲೇನೂ ಕೊರತೆ ಇರಲಿಲ್ಲ. ಅಡುಗೆ ಕೆಲಸದ ಚನ್ನಕ್ಕ ಬಡಿಯುವ ಜೋಳದ ರೊಟ್ಟಿ, ವೀರೇಶನ ಹೆಂಡತಿ ಶೈಲಜಾ ಮಾಡುವ ಎಣ್ಣೆಗಾಯಿ, ಶೇಂಗಾ ಚಟ್ನಿ, ಇವನ್ನು ತಿಂದವರು ಹೊಗಳಿಯೇ ಹೋಗುತ್ತಿದ್ದರು. ತಿನ್ನುವುದಕ್ಕೆ ಬರುವವರೇ ಕಡಿಮೆ. ಪೀಣ್ಯದ ಕಾರ್ಖಾನೆಯಲ್ಲಿದ್ದ ಕೆಲಸ ಬಿಟ್ಟು, ಊರಿನ ಆ ತುದಿಯಿಂದ ಈ ತುದಿಗೆ ಬಂದು ಖಾನಾವಳಿ ಇಟ್ಟಿದ್ದ ವೀರೇಶನಿಗೆ ಹಳೆಯ ಗೆಳೆಯರು ಆಗಾಗ ಫೋನು ಮಾಡಿ, ವಾಪಸ್ ಯಾವಾಗ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿದರೆ ಅವನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆಯೇ ಭಯವೂ ಬರುತ್ತಿತ್ತು. ಅದಕ್ಕೇ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಫೋನಿನಲ್ಲಿ ಸಣ್ಣ ಉದ್ಯಮಿಗಳಿಗೆ ಹುರುಪು ತುಂಬುವ ಭಾಷಣ ಕೇಳುತ್ತಿದ್ದ. ಭಾಷಣ ಮಾಡುವಾತ ಯಾವ ವ್ಯಾಪಾರ ಮಾಡಿ ಗೆದ್ದಿದ್ದ ಎಂಬುದು ವೀರೇಶನಿಗೆ ತಿಳಿದಿರಲಿಲ್ಲ. ಭಾಷಣದ ವ್ಯಾಪಾರವೇ ಇರಬೇಕು ಎಂದು ಶೈಲಜಾ ಹೇಳುತ್ತಿದ್ದಳು.

ಈ ಕಂಪನಿಯ ಊಟ ಸಿಕ್ಕರೆ ಖಾನಾವಳಿ ಉಳಿಯುತ್ತದೆ, ಸಿಗದೆ ಹೋದರೆ ಬರುವ ತಿಂಗಳು ಬಾಗಿಲು ಹಾಕಿ ಪೀಣ್ಯದ ಬಸ್ಸು ಹತ್ತಬೇಕು. ಗಂಡ ಹೆಂಡಿರಿಬ್ಬರಿಗೂ ಇದು ಗೊತ್ತಿತ್ತು, ಬಾಯಿಬಿಟ್ಟು ಮಾತ್ರ ಇಬ್ಬರೂ ಹೇಳಲಿಲ್ಲ.

ಹೇಳಿದವರು ಕಟ್ಟಡದ ಮಾಲೀಕರಾದ ವೆಂಕಟೇಶಪ್ಪ. ಇಲ್ಲಿಯದೇ ಹಳೆಯ ಊರಿನವರು, ಇವರ ರಾಗಿ ಹೊಲವಿದ್ದ ಜಾಗದಲ್ಲೇ ಈಗ ಈ ಕಟ್ಟಡ ಎದ್ದಿತ್ತು. ಬೆಳಗಿನ ಟೀಯನ್ನೂ ಸಲಹೆ ಕೊಡುವ ಕೆಲಸವನ್ನೂ ಇಲ್ಲಿಯೇ ಮುಗಿಸುವುದು ಅವರ ರೂಢಿ. ಫೋನಿನ ವಿಷಯ ಕೇಳಿ ಖಾಲಿ ಮೇಜುಗಳನ್ನೊಮ್ಮೆ ನೋಡಿದರು.

"ಇಂಗೆ ಖಾಲಿ ಇದ್ರೆ ಯಾವ ಕಂಪನಿಯೋರು ಒಪ್ತಾರೆ ವೀರೇಶಪ್ಪ? ಒಂದಿವ್ಸಕ್ಕಾದ್ರೂ ಜನ ತಂದು ಕೂರ್ಸು. ನಾನು ಸೈಟು ಮಾರ್ವಾಗ ಅಂಗೇ ಮಾಡಿದ್ದು. ತಗಳ್ಳೋರು ಬಂದಾಗ ನನ್ ತಮ್ಮನ್ನೇ ಇನ್ನೊಂದು ಪಾರ್ಟಿ ಅಂತ ತಂದು ನಿಲ್ಲಿಸ್ದೆ."

ವೀರೇಶನಿಗೆ ಇದು ಬಹಳ ಹಿಡಿಸಿತು. ಕೂರಿಸಲು ಜನ ಎಲ್ಲಿಂದ ತರುವುದು ಎಂದು ಯೋಚಿಸಬೇಕಾಗಿಯೂ ಇರಲಿಲ್ಲ. ಶೈಲಜಾಳ ಕಾಕಾ ಮುರಿಗೆಪ್ಪನವರು ಕೃಷಿ ಇಲಾಖೆಯಿಂದ ನಿವೃತ್ತರಾಗಿ ಗದಗಿನಿಂದ ಬಂದು ಹತ್ತಿರದ ಅಪಾರ್ಟ್‌ಮೆಂಟಿನಲ್ಲೇ ಇದ್ದರು. ಆ ಅಪಾರ್ಟ್‌ಮೆಂಟಿನಲ್ಲಿ ಗದಗ, ಕೊಪ್ಪಳ, ಹಾವೇರಿ ಕಡೆಯ ಎಷ್ಟೋ ಮನೆಗಳಿದ್ದು, ಅಷ್ಟಕ್ಕೂ ಮುರಿಗೆಪ್ಪನವರೇ ಹಿರಿಯರು. ವೀರೇಶ ಫೋನು ಮಾಡಿ ವಿಷಯ ತಿಳಿಸಿದ. ಗುರುತಿಲ್ಲದ ಗಿರಾಕಿಗಳಂತೆ ಬರಬೇಕು, ಆರಾಮಾಗಿ ಉಂಡು ಹೋಗಬೇಕು, ಅಷ್ಟೇ ಎಂದ. ಅಳಿಯ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ಮನೆತನ ಅವರದಲ್ಲ. ಅವನ ಮಾತು ಮುಗಿಯುವ ಮೊದಲೇ ಒಪ್ಪಿದರು.

"ಕಾಕಾಗ ಗಿರಾಕಿ ಆಗಿ ಕುಂದ್ರಾಕ ಬರಂಗಿಲ್ರಿ," ಎಂದು ಶೈಲಜಾ ಎಚ್ಚರಿಸಿದಳು. ವೀರೇಶ ಕಿವಿಗೆ ಹಾಕಿಕೊಳ್ಳಲಿಲ್ಲ. ಗೆಲ್ಲುವವರು ಹಿಂದೇಟು ಹಾಕುವುದಿಲ್ಲ ಎಂದು ಅಂದಿನ ಭಾಷಣದಲ್ಲಿ ತಾನೇ ಕೇಳಿದ್ದ.

ಹನ್ನೆರಡೂವರೆಗೆ ಆಟೋಗಳು ಒಂದರ ಹಿಂದೊಂದು ಬಂದು ನಿಂತವು. ಗಂಡಸರೆಲ್ಲ ಬಿಳಿ ಧೋತರ ಉಟ್ಟು ಹಣೆತುಂಬ ವಿಭೂತಿ ಧರಿಸಿದ್ದರು, ಹೆಂಗಸರು ಇಳಕಲ್ ಸೀರೆಯಲ್ಲಿದ್ದರು. ಬೀಗರ ಮನೆಯ ಊಟಕ್ಕೆ ಹೇಗೆಂದರೆ ಹಾಗೆ ಹೋಗುವುದು ಅವರಿಗೆ ಗೊತ್ತಿರಲಿಲ್ಲ. ಎಲ್ಲರೂ ಚಪ್ಪಲಿಗಳನ್ನು ಹೊರಗೇ ಬಿಟ್ಟು, ಕಾಲು ತೊಳೆಯಲು ನೀರು ಕೇಳಿದರು. ಹೋಟೆಲಿಗೆ ಚಪ್ಪಲಿ ಹಾಕಿಕೊಂಡೇ ಬರುತ್ತಾರೆ ಎಂದು ವೀರೇಶ ಮೆಲ್ಲಗೆ ಹೇಳಿದ್ದಕ್ಕೆ ಮುರಿಗೆಪ್ಪನವರು, ಅನ್ನದ ಮುಂದೆ ಚಪ್ಪಲಿ ಹಾಕಿಕೊಂಡು ಕೂತ ಮಂದಿ ತಮ್ಮ ವಂಶದಲ್ಲೇ ಇಲ್ಲ ಎಂದರು.

ತಟ್ಟೆಗೆ ರೊಟ್ಟಿ ಬಿದ್ದೊಡನೆ ಎಲ್ಲರೂ ಕೈಮುಗಿದು ಒಟ್ಟಿಗೆ ಶಿವನಾಮ ಹೇಳಿದರು. ಆ ಧ್ವನಿ ರಸ್ತೆಯಾಚೆಗೂ ಕೇಳಿಸಿತು. ಮುರಿಗೆಪ್ಪನವರ ಹೆಂಡತಿ ಬಸಮ್ಮ ಮಾತ್ರ ಊಟಕ್ಕೆ ಕೂರಲೇ ಇಲ್ಲ. ಬಂದ ಮಂದಿ ಉಣ್ಣುವಾಗ ಮನೆಯ ಹೆಂಗಸು ಕೂರುವುದುಂಟೇ ಎಂದು ಸೆರಗು ಸಿಕ್ಕಿಸಿ, ಅಡುಗೆಮನೆಗೆ ಹೋಗಿ ಎಣ್ಣೆಗಾಯಿಯ ಪಾತ್ರೆ ಎತ್ತಿಕೊಂಡು ಬಡಿಸತೊಡಗಿದರು. ಸಾಕು ಎಂದು ಕೈ ಅಡ್ಡ ಹಿಡಿದವರ ತಟ್ಟೆಗೆ ಬೆರಳ ಸಂದಿಯಲ್ಲೇ ಬಡಿಸಿದರು.

ಆಗ ನೀಲಪ್ಪ ಎಂಬ ಕ್ಯಾಬ್ ಡ್ರೈವರ್ ಬಾಗಿಲಲ್ಲಿ ಇಣುಕಿ ಊಟಕ್ಕೆ ಎಷ್ಟು ಎಂದು ಕೇಳಿದ. ವೀರೇಶ ಕೌಂಟರಿನಿಂದ ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಪಕ್ಕದ ಮೇಜಿನಲ್ಲಿದ್ದ ಮುರಿಗೆಪ್ಪನವರೇ ಉತ್ತರ ಕೊಟ್ಟರು.

"ರೊಕ್ಕದ ಮಾತು ಯಾಕ್ರೀ ತಮ್ಮಾ? ಮದಲ ಕುಂತು ಹೊಟ್ಟಿ ತುಂಬ ಉಣ್ರಿ."

ಅವರ ಕಡೆ ಇದು ಬರೀ ಮರ್ಯಾದೆಯ ಮಾತು. ಉಣ್ಣುವ ಮುಂಚೆ ದುಡ್ಡಿನ ಮಾತು ಬೇಡ, ಉಂಡ ಮೇಲೆ ಕೊಡುವವನು ಕೊಟ್ಟೇ ಕೊಡುತ್ತಾನೆ ಎಂದರ್ಥ. ನೀಲಪ್ಪ ಹೊರಗಿನ ಚಪ್ಪಲಿ ರಾಶಿಯನ್ನೂ ಒಳಗಿನ ವಿಭೂತಿಯ ಹಣೆಗಳನ್ನೂ ನೋಡಿ ಬೇರೆ ಅರ್ಥ ಮಾಡಿಕೊಂಡ. ಭಕ್ತಿಯಿಂದ ಶೂ ಬಿಚ್ಚಿಟ್ಟು ಫೋನು ತೆಗೆದ.

"ಮಗಾ, ಇಲ್ಲಿ ಯಾವ್ದೋ ಮಠದೋರು ಪ್ರಸಾದ ಹಾಕ್ತಾವ್ರೆ. ರೊಟ್ಟಿ ಸಕ್ಕತ್ತಾಗೈತೆ. ಬೇಗ ಬಾ."

ಮೊದಲು ಕ್ಯಾಬಿನವರು ಬಂದರು, ಅವರ ಹಿಂದೆ ಸೆಕ್ಯುರಿಟಿಯವರು. ಅವರನ್ನು ನೋಡಿ ಶಿವಶಂಕರನ ಹೋಟೆಲಿನ ಸಾಲು ಹಿಂದಿನಿಂದ ಕರಗುತ್ತ ಬಂದು, ಕಡೆಗೆ ಟ್ಯಾಗಿನವರೂ ಶೂ ಕೈಯಲ್ಲಿ ಹಿಡಿದು ಈ ಕಡೆ ದಾಟಿದರು. ಮೇಜುಗಳು ಸಾಲದೆ ಜನ ನೆಲದ ಮೇಲೆ ಪಂಕ್ತಿ ಹಾಕಿ ಕೂತರು. ಮುರಿಗೆಪ್ಪನವರು ಊಟ ಬಿಟ್ಟೆದ್ದು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಬರ್ರಿ, ಕುಂದರ್ರಿ ಎಂದು ಉಪಚರಿಸಿದರು. ಅಳಿಯನ ವ್ಯಾಪಾರ ಇಷ್ಟು ಜೋರಾಗಿರುವುದನ್ನು ನೋಡಿ ಅವರ ಕಣ್ಣು ತುಂಬಿ ಬಂದಿತ್ತು.

ಉಂಡವರು ಕೌಂಟರಿಗೆ ಬರುತ್ತಿದ್ದರು. ವೀರೇಶನ ತಲೆಯ ಮೇಲಿದ್ದ ಬಸವಣ್ಣನ ಪಟಕ್ಕೆ ಕೈಮುಗಿದು, ಕೆಲವರು ವೀರೇಶನಿಗೂ ಕೈಮುಗಿದು ಹೊರಟುಹೋಗುತ್ತಿದ್ದರು. ಇವನು ಬಿಲ್ಲಿನ ಮಾತೆತ್ತಿದಾಗ ಒಬ್ಬ ಹುಡುಗ, ಕಾಣಿಕೆಗೆ ಚಿಲ್ಲರೆ ಇಲ್ಲ ಸಾರ್ ಎಂದು ನಿಜವಾಗಿಯೂ ನಾಚಿಕೊಂಡ. ಏನಾಗುತ್ತಿದೆ ಎಂದು ವೀರೇಶನಿಗೆ ಆಗ ಹೊಳೆಯಿತು. ಇದು ಹೋಟೆಲು, ದುಡ್ಡು ಕೊಡಿ ಎಂದು ಕೂಗಿಬಿಡೋಣ ಎಂದುಕೊಂಡ. ಆದರೆ ಹೇಮಲತಾ ಬರುವ ಹೊತ್ತು ಹತ್ತಿರವಾಗಿತ್ತು. ಈಗ ಕೂಗಿದರೆ ಜಗಳ, ಜಗಳವಾದರೆ ಜನ ಖಾಲಿ, ಜನ ಖಾಲಿಯಾದರೆ ಖಾನಾವಳಿಯೇ ಖಾಲಿ. ಒಂದು ದಿನದ ನಷ್ಟ ಹೋದರೆ ಹೋಗಲಿ, ಕಂಪನಿಯ ಊಟ ಸಿಕ್ಕರೆ ಎಲ್ಲ ಬಂದೀತು ಎಂದು ಹಲ್ಲು ಕಚ್ಚಿ ನಿಂತ. ಆ ಗಳಿಗೆಯಲ್ಲಿ ಅವನ ಛಲ ನೋಡಿದ್ದರೆ ಭಾಷಣದವನೂ ಮೆಚ್ಚುತ್ತಿದ್ದ.

ಅಷ್ಟರಲ್ಲಿ ಒಳಗಿನಿಂದ ಚನ್ನಕ್ಕ ಬಂದು, ಹಿಟ್ಟೂ ಮುಗಿಯಿತು ತನ್ನ ತೋಳೂ ಮುಗಿಯಿತು ಎಂದು ಹೇಳಿ ಫ್ಯಾನಿನ ಕೆಳಗೆ ಕೂತುಬಿಟ್ಟಳು. ಪಂಕ್ತಿಯಲ್ಲಿ ಇನ್ನೂ ಜನ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದರು. ವೀರೇಶ ಹಿಂದುಮುಂದು ನೋಡದೆ ರಸ್ತೆ ದಾಟಿ ಶಿವಶಂಕರನ ಹೋಟೆಲಿಗೆ ಓಡಿದ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದ ಶಿವಶಂಕರ, ಅನ್ನ ಸಾರು ಬೇಕಿತ್ತು ಎಂಬ ಮಾತು ಕೇಳಿ ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ.

"ಪಾತ್ರೆ ಸಮೇತ ತಗೊಂಡೋಗಿ ಅಣ್ಣ. ಇಲ್ಲಿ ತಿನ್ನೋರು ಯಾರಿದಾರೆ? ದೇವರ ಕೆಲಸ, ನಮ್ದೂ ಒಂದು ಪಾಲಿರ್ಲಿ."

ಅವನೇ ಒಂದು ಕಡೆ ಹಿಡಿದು ಪಾತ್ರೆಯನ್ನು ಬಾಗಿಲ ತನಕ ತಂದುಕೊಟ್ಟು ಹೋದ. ವೀರೇಶ ಎದುರಾಳಿಯ ಸಾರನ್ನು ತನ್ನ ಮನೆಯ ಸಾರೆಂಬಂತೆ ಬಡಿಸಿದ.

ಒಂದೂವರೆಗೆ ಹೇಮಲತಾ ಬಂದರು. ಚಪ್ಪಲಿ ರಾಶಿ ದಾಟಿ ಬಾಗಿಲಿಗೆ ಬರಲಾಗದೆ ಹೊರಗೇ ನಿಂತು ಇಣುಕಿದರು. ತಲೆಗಳ ಮೇಲಿಂದ ವೀರೇಶ ಕೈಯೆತ್ತಿ ಬೀಸಿದ, ಅವರೂ ನಕ್ಕು ತಲೆಯಾಡಿಸಿದರು. ಅವರ ಮುಖದಲ್ಲಿದ್ದ ಆಶ್ಚರ್ಯ ನೋಡಿ ವೀರೇಶನಿಗೆ ಬೆಳಗಿನಿಂದ ಪಟ್ಟ ಪಾಡೆಲ್ಲ ಸಾರ್ಥಕವಾದಂತೆ ಆಯಿತು. ಅವರು ಗಡಿಯಾರ ನೋಡಿಕೊಂಡು, ಫೋನಿನಲ್ಲಿ ಮಾತಾಡುತ್ತ ರಸ್ತೆಯ ಆ ಕಡೆ ಹೋದರು. ಗದ್ದಲ ಇಳಿದ ಮೇಲೆ ಬರುತ್ತಾರೆ ಎಂದು ವೀರೇಶ ಇನ್ನೂ ಹುರುಪಿನಿಂದ ಬಡಿಸಿದ.

ಅವನು ಅಂದುಕೊಂಡ ಹಾಗೆಯೇ ಗದ್ದಲ ಇಳಿದ ಮೇಲೆ ಬಂದರು. ವೀರೇಶ ಕೈ ಒರೆಸಿಕೊಂಡು ಕುರ್ಚಿ ಎಳೆದ. ಅವರು ಕೂರಲಿಲ್ಲ.

"ನಿಮ್ಮ ಹೋಟೆಲ್ ಇಷ್ಟು ಚೆನ್ನಾಗಿ ನಡೀತಿರೋದು ನೋಡಿ ಖುಷಿಯಾಯ್ತು ವೀರೇಶ್ ಅವರೇ. ಆದ್ರೆ ನಮಗೆ ಸರಿಹೋಗಲ್ಲ."

ವೀರೇಶ ಒಂದು ತಟ್ಟೆ ಎತ್ತಿಕೊಂಡ. ಊಟ ರುಚಿ ನೋಡಿ ಹೇಳಿ ಮೇಡಂ ಎಂದ.

"ರುಚಿ ಬಗ್ಗೆ ಮಾತೇ ಇಲ್ಲ. ನಮ್ಮೋರಿಗೆ ಲಂಚಿಗೆ ಅಂತ ಇರೋದೇ ಅರ್ಧ ಗಂಟೆ, ಎಲ್ಲಿ ಹೋದ್ರೂ ಕ್ಯೂ. ನಿಮ್ಮಲ್ಲಿ ಊಟ ಚೆನ್ನಾಗಿರುತ್ತೆ, ಯಾವಾಗ ಹೋದ್ರೂ ಖಾಲಿ ಇರುತ್ತೆ ಅಂತ ನಮ್ಮ ಹುಡುಗ್ರು ಹೇಳಿದ್ರು. ನಿಮಗೇ ಕೊಡೋದು ಅಂತ ಗಟ್ಟಿ ಮಾಡ್ಕೊಂಡೇ ಬಂದಿದ್ದೆ."

ವ್ಯಾಪಾರ ಮಾಡುವ ಯಾವನೂ ಆಡದ ಮಾತನ್ನು ವೀರೇಶ ಆಗ ಆಡಿದ. "ದಿನಾ ಖಾಲಿನೇ ಇರ್ತದ ಮೇಡಂ. ನಿಮ್ಮಾಣಿ, ಇಲ್ಲಿಗೆ ಯಾರೂ ಬರಂಗಿಲ್ಲ," ಎಂದು ಅಂಗಲಾಚಿದ.

ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮುರಿಗೆಪ್ಪನವರಿಗೆ, ತಾವು ಗುರುತಿಲ್ಲದ ಗಿರಾಕಿಯಾಗಿ ಬಂದಿದ್ದೇವೆ ಎಂಬುದು ಇಡೀ ದಿನದಲ್ಲಿ ಆಗ ನೆನಪಾಯಿತು. ಎದ್ದು ಬಂದರು.

"ಇವರು ಭಾಳ ಸಣ್ಣಾಗಿ ಮಾತಾಡ್ತಾರ್ರಿ ಮೇಡಂ, ನಂಬಬ್ಯಾಡ್ರಿ. ನಾ ದಿನಾ ಇಲ್ಲೇ ಉಣ್ಣಾವ. ದಿನಾ ಹಿಂಗ ಮಂದಿ, ಕಾಲಿಡಾಕ ಜಾಗಾ ಇರಂಗಿಲ್ಲ."

ಹೇಮಲತಾ ನಕ್ಕರು. ಇಷ್ಟು ಬೆಳೆದರೂ ಇಷ್ಟು ವಿನಯ ಇರುವುದು ಅಪರೂಪ ಎಂದು ವೀರೇಶನನ್ನು ಹೊಗಳಿದರು. "ಎದುರುಗಡೆ ಮುದ್ದೆ ಹೋಟೆಲ್ ಇದೆಯಲ್ಲ, ಪಾಪ, ಊಟದ ಹೊತ್ತಲ್ಲೂ ಒಬ್ಬರೂ ಇರಲಿಲ್ಲ. ನಮಗೆ ಬೇಕಾಗಿದ್ದೇ ಅಂಥ ಜಾಗ. ಈಗಷ್ಟೇ ಮಾತಾಡಿ ಬಂದೆ, ನಾಳೆಯಿಂದ ನಮ್ಮೋರೆಲ್ಲ ಅಲ್ಲೇ," ಎಂದು ಹೇಳಿ ಹೊರಟರು.

ವೀರೇಶ ಎಳೆದಿಟ್ಟ ಕುರ್ಚಿಯಲ್ಲಿ ತಾನೇ ಕೂತ. ದುಃಖ ಬಂತು, ಸಿಟ್ಟು ಬಂತು, ಯಾರ ಮೇಲೆ ಹಾಕುವುದೆಂದು ಗೊತ್ತಾಗಲಿಲ್ಲ. ಶೈಲಜಾ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು, ನಾನು ಹೇಳಿರಲಿಲ್ಲವೇ ಎಂದು ಮಾತ್ರ ಅನ್ನಲಿಲ್ಲ. ವೀರೇಶ ನೀರು ಕುಡಿದು ತಲೆಯೆತ್ತಿ ಎದುರಿನ ಹೋಟೆಲನ್ನು ನೋಡಿದ. ನೋಡುತ್ತ ನೋಡುತ್ತ ಅವನ ಬೆನ್ನು ನೆಟ್ಟಗಾಯಿತು.

"ಕೇಳಿಲ್ಲಿ. ನಾಳೆ ಶಿವಶಂಕರನ ಹಳೇ ಮಂದಿನೂ ಅಲ್ಲಿಗೇ ಬರ್ತಾರ. ಮೇಡಂ ಕಡೆಯವರಿಗೆ ಕ್ಯೂ ತಪ್ಪಂಗಿಲ್ಲ. ನಿಂತು ನಿಂತು ಸಾಕಾಗಿ ಈ ಕಡೆ ತಿರುಗಿ ನೋಡೇ ನೋಡ್ತಾರ. ಆವಾಗ ನಮ್ಮಲ್ಲಿ ಒಬ್ಬರೂ ಇರಬಾರದು. ಎಷ್ಟು ದಿನ ಆದರೂ ಸರಿ, ಖಾಲಿ ಇದ್ದೇ ಗೆಲ್ಲೂಣು."

ಶೈಲಜಾಳಿಗೆ ಇದು ಸರಿಯಾದ ಯೋಚನೆಯೆಂದೇ ಕಂಡಿತು. ಖಾಲಿ ಇರುವುದರಲ್ಲಿ ಅವರಿಗೆ ಒಳ್ಳೆಯ ಅನುಭವವೂ ಇತ್ತು.

ಅಷ್ಟರಲ್ಲಿ ನೀಲಪ್ಪ ಮತ್ತೆ ಬಾಗಿಲಲ್ಲಿ ಇಣುಕಿದ. ಹಿಂದೆ ಅವನ ಸ್ಟ್ಯಾಂಡಿನವರೆಲ್ಲ ಇದ್ದರು. ನಾಳೆ ಪ್ರಸಾದ ಎಷ್ಟು ಹೊತ್ತಿಗೆ ಶುರು ಎಂದು ಕೈಮುಗಿದು ಕೇಳಿದ. ವೀರೇಶ ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ, ಆಟೋ ಹತ್ತಲು ಹೊರಗೆ ನಿಂತಿದ್ದ ಮುರಿಗೆಪ್ಪನವರೇ ನೀಲಪ್ಪನ ಹೆಗಲ ಮೇಲೆ ಕೈಯಿಟ್ಟು ಉತ್ತರ ಕೊಟ್ಟರು.

"ಹನ್ನೆರಡೂವರಿಗೆ ಬರ್ರಿ ತಮ್ಮಾ. ಮನಿ ಮಂದಿನೆಲ್ಲಾ ಕರ್ಕೊಂಡು ಬರ್ರಿ."