ಹೊಳೆ ನಡುವಿನ ಹಾವುಗಳ ಲೆಕ್ಕ

ಹೆಂಡತಿ ಉಟ್ಟ ಸೀರೆಯ ಬಣ್ಣ ಕೇಳಿದರೆ ನಮ್ಮ ಸೋದರಮಾವ ತಡಬಡಾಯಿಸುತ್ತಿದ್ದರು. ಹಾವಿನ ಹೊಟ್ಟೆಯ ಬಣ್ಣ ಕೇಳಿ ನೋಡಿ, ತಟ್ಟೆಯ ಅನ್ನ ಆರಿದರೂ ಮಾತು ನಿಲ್ಲುತ್ತಿರಲಿಲ್ಲ! ಹೊಳೆನರಸೀಪುರದ ಬಳಿ ಹೇಮಾವತಿಯ ನಡುವೆ ಬಂಡೆ, ಜೊಂಡು ತುಂಬಿದ ಒಂದು ನಡುಗಡ್ಡೆ. ಅಲ್ಲಿನ ನೀರೊಳ್ಳೆ ಹಾವು ಲೋಕದಲ್ಲಿ ಬೇರೆಲ್ಲೂ ಇಲ್ಲದ ಜಾತಿಯೆಂಬುದು ಅವರ ವಾದ. ಹಾಸನದ ಕಾಲೇಜಿನಲ್ಲಿ ಓದುತ್ತಿದ್ದ ನಾನು ಭಾನುವಾರ ಊರಿಗೆ ಬಂದರೆ ಡೈರಿ ಸಮೇತ ಹರಿಗೋಲು ಹತ್ತಬೇಕು. ಅವರು ಎಣಿಸುವುದು, ನಾನು ಬರೆಯುವುದು.

ವಿಷವಿಲ್ಲ, ಮೀನು, ಕಪ್ಪೆ ಆಹಾರ, ಬಿಸಿಲೇರಿದರೆ ಬಂಡೆಯ ಮೇಲೆ ವಾಸ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಆದರೆ ಈ ಜಾತಿ ಶನಿವಾರ ಒಪ್ಪತ್ತು ಮಾಡುತ್ತದಂತೆ! ಆಧಾರ ಕೇಳಿದೆ. ಕಪ್ಪೆ ನುಂಗುತ್ತಿದ್ದ ಒಂದನ್ನು ತೋರಿಸಿದರು.

“ನೋಡ್ಲಾ ಅದ್ರ ಆತ್ರಾನ. ನಿನ್ನೆ ಉಂಡಿದ್ರೆ ಇಂಗೆ ತಿಂತಿತ್ತಾ?”

ಬರೆದುಕೊಂಡೆ.

ಬಲೆಗೆ ಬಿದ್ದ ಹಾವುಗಳನ್ನು ಮೀನುಗಾರರು ಬಡಿದು ಎಸೆಯುತ್ತಿದ್ದರು. ಇವು ಎಲ್ಲೂ ಸಿಗದ ಹಾವು, ಒಂದೊಂದಕ್ಕೂ ಲೆಕ್ಕವಿದೆ ಎಂದು ಮಾವ ನನ್ನ ಡೈರಿ ತೋರಿಸಿ ಹೆದರಿಸಿದ ಮೇಲೆ, ಬಿಡಿಸಿ ನೀರಿಗೆ ಬಿಡತೊಡಗಿದ್ದರು.

೧೯೫೮ರ ಏಪ್ರಿಲ್ ೬. ಮೂವತ್ತೊಂದು ಹಾವು. ಕೊನೆಯದಕ್ಕೆ ಬಾಲ ಮೋಟು. ಎಲ್ಲೋ ಕಂಡಂತಿದೆಯಲ್ಲ? ಪುಟ ತಿರುವಿದೆ. ‘ಮಾರ್ಚ್ ೯: ನಮ್ಮ ಹಿತ್ತಲ ತೊಟ್ಟಿಯಲ್ಲಿ ಮೋಟುಬಾಲದ ನೀರೊಳ್ಳೆ. ಮಾವ ಕೊಡದಲ್ಲಿ ಹಾಕಿಕೊಂಡು ಹೋದರು.’ ಊರವರು ಹೊಡೆಯಹೊರಟ ಹಾವುಗಳನ್ನೆಲ್ಲ ತಂದು ಇಲ್ಲಿ ಬಿಡುತ್ತಿದ್ದವರು ಇವರೇ! ಕಂಡುಹಿಡಿದ ಹೆಮ್ಮೆ ತಡೆಯಲಾಗಲಿಲ್ಲ. ಹರಿಗೋಲು ನಡೆಸುವ ಮೀನುಗಾರನ ಮುಂದೆಯೇ ಎರಡೂ ಪುಟ ಓದಿ ನಕ್ಕುಬಿಟ್ಟೆ.

“ಅಂಗಾರೆ ಇವು ನಮ್ಮೂರ್ ಹಿತ್ಲು ಹಾವ್ಗಳೇ ಅನ್ನಿ,” ಎಂದು ಅವನೂ ನಕ್ಕ.

ಮಾವ ನಗಲಿಲ್ಲ. “ನಿನ್ ಲೆಕ್ಕ ಸರಿಯಾಗೇ ಐತೆ ಕಣ್ಲಾ. ಸುಮ್ಕಿದ್ದಿದ್ರೆ ಅವೂ ಉಳೀತಿದ್ವು.”

ಬಲೆಗೆ ಬಿದ್ದವನ್ನು ಮೀನುಗಾರರು ಮತ್ತೆ ಬಡಿದು ಎಸೆಯತೊಡಗಿದರು. ಏಪ್ರಿಲ್ ೧೩: ಹತ್ತೊಂಬತ್ತು. ಏಪ್ರಿಲ್ ೨೦: ಎಂಟು. ೨೭ರಂದು ಮಾವ ಹರಿಗೋಲು ಹತ್ತಲಿಲ್ಲ, ದಡದಲ್ಲೇ ಕೂತರು. ನಾನೊಬ್ಬನೇ ಹೋಗಿ ನಡುಗಡ್ಡೆಯನ್ನು ಎರಡು ಸುತ್ತು ಹಾಕಿದೆ. ಬಂಡೆಗಳ ಮೇಲೆ ಒಂದೂ ಇರಲಿಲ್ಲ. ಹರಿದ ಬಲೆಯ ತುಂಡಿನ ಪಕ್ಕ ಮೋಟುಬಾಲದ್ದು ಒಣಗಿ ಬಿದ್ದಿತ್ತು.

ಹಿಂತಿರುಗಿದಾಗ ಮಾವ ಎಷ್ಟಿದ್ದವೆಂದು ಕೇಳಲಿಲ್ಲ.

“ಮೋಟ ಇದ್ನಾ?”

“ಇದ್ದ ಮಾವ. ಬಂಡೆ ಮ್ಯಾಲೆ ಬಿಸ್ಲು ಕಾಯ್ತಿದ್ದ.”

ನನ್ನ ಕೈಲಿದ್ದ ಡೈರಿಯತ್ತ ಬೊಟ್ಟು ಮಾಡಿದರು. “ಬರ್ಕೋ ಮತ್ತೆ.”

ಬರೆದೆ: ‘ಏಪ್ರಿಲ್ ೨೭: ಒಂದು.’ ಶನಿವಾರದ ಒಪ್ಪತ್ತನ್ನು ಬಿಟ್ಟರೆ ಆ ಡೈರಿಯಲ್ಲಿರುವ ಸುಳ್ಳು ಅದೊಂದೇ. ಇವತ್ತಿಗೂ ತಿದ್ದಿಲ್ಲ.