ಗುಳಿಗೆ ಬಿಡಿಸಿದ ಸೋಯಾ ರೊಟ್ಟಿ

ಸೋಯಾ ಕಾಳು ಯಾರಿಗೂ ಕೇಡು ಮಾಡಲಿಲ್ಲ. ಮಾಡಿದ್ದು ನಾನು. ಗಂಡನಿಗೆ ಗುಳಿಗೆ ಬಿಡಿಸಿ ರೊಟ್ಟಿ ತಿನ್ನಿಸಿದೆ. ನಡೆದದ್ದು ಇಷ್ಟೇ.

ನಮ್ಮ ಯಜಮಾನರ ರಕ್ತನಾಳದ ಒಳಗೆ ಉರಿಯೂತವಿದೆ, ಕೊಬ್ಬೂ ಕಟ್ಟಿದೆ, ಬಿಪಿಯೂ ಇದೆ, ಗುಳಿಗೆ ತಪ್ಪಿಸಿದರೆ ಹೃದಯಕ್ಕೇ ಕುತ್ತು ಎಂದು ಗದಗಿನ ಡಾಕ್ಟರು ಹೇಳಿದ್ದರು. ಇವರಿಗೋ ಗುಳಿಗೆ ಕಂಡರೆ ಗಂಟಲೇ ಮುಚ್ಚಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಮನೆಯಲ್ಲಿ ಯುದ್ಧ!

ಅಷ್ಟರಲ್ಲಿ ಗದಗಿನ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವ ಮೊಮ್ಮಗಳು ಸವಿತಾ ರಜೆಗೆಂದು ಲಕ್ಷ್ಮೇಶ್ವರಕ್ಕೆ ಬಂದಳು.

“ಆಯಿ, ಸೋಯಾದಾಗ ಐಸೊಫ್ಲೇವೋನ್ ಅಂತ ಒಂದು ಸತ್ವ ಐತಿ. ಪ್ರಯೋಗಶಾಲ್ಯಾಗ ಬೆಳಸಿದ ರಕ್ತನಾಳದ ಜೀವಕೋಶಕ್ಕ ಅದನ್ನ ಹಾಕಿದ್ರ ಉರಿಯೂತ ಕಡಿಮಿ ಆಗತೈತಿ. ಆದ್ರ…”

ಆ “ಆದ್ರ” ಮುಗಿಯುವುದರೊಳಗೆ ನಾನು ಚೀಲ ಹಿಡಿದು ಬಜಾರಿನಲ್ಲಿದ್ದೆ.

ಗಿರಣಿಯವನು ಹಣೆ ಗಂಟಿಕ್ಕಿದ. “ಅರ್ಧ ಜ್ವಾಳ, ಅರ್ಧ ಸೋಯಾನ? ಕಾಳು ಹುರದೂ ಇಲ್ಲಲ್ರಿ ಅಮ್ಮಾ!”

“ನೀ ಸುಮ್ನ ಬೀಸು. ಇದು ಹಿಟ್ಟಲ್ಲ, ಔಷಧ.”

ನಮ್ಮ ಓಣಿಯಲ್ಲಿ ಒಬ್ಬರ ಮನೆಯಲ್ಲಿ ಖಡಕ್ ರೊಟ್ಟಿ ಮಾಡುವುದಿದ್ದರೆ ಉಳಿದ ಹೆಂಗಸರು ಬಡಿಯಲು ಬರುವುದು ರೂಢಿ. ಎಲ್ಲರೂ ಬಂದರು. ಪಕ್ಕದ ಮನೆಯ ಗಂಗವ್ವ ಮೊದಲ ರೊಟ್ಟಿ ಬಡಿದು ಎತ್ತಿದಳು. ಅರ್ಧ ಅವಳ ಕೈಯಲ್ಲಿ, ಅರ್ಧ ರೊಟ್ಟಿ ಬಡಿಯುವ ಕೊಣಮಿಗೆಯಲ್ಲಿ!

“ಏನವಾ ಇದು, ರೊಟ್ಟಿ ಹಿಟ್ಟೋ ರಂಗೋಲಿ ಪುಡಿಯೋ?”

“ರಕ್ತನಾಳದ ಔಷಧ ಐತಿ ಅದು.”

“ಹಂಗಾದ್ರ ನಮ್ಮನ್ನ ಯಾಕ ಕರದಿ? ಚಮಚಾದಾಗ ಹಾಕಿ ಕುಡಸು!”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ವೈದ್ಯರು ನಗಬಾರದು.

ಯಜಮಾನರು ಮಾತ್ರ ಆ ಚೂರುಗಳನ್ನು ಭಕ್ತಿಯಿಂದ ತಿಂದರು. “ಇನ್ನ ಗುಳಿಗಿ ಬ್ಯಾಡಲ್ಲ?”

“ರೊಟ್ಟ್ಯಾಗ ಎಲ್ಲಾ ಐತಿ. ತಿನ್ರಿ.”

ಮನೆಯಲ್ಲಿ ಶಾಂತಿ ನೆಲೆಸಿತು. ಇವರ ಹೊಟ್ಟೆಯೊಳಗೆ ಮಾತ್ರ ಗಿರಣಿ ಶುರುವಾಯಿತು. ಗುಡುಗುಡು ಸದ್ದು ನಡುಮನೆಗೆ ಕೇಳಿಸುತ್ತಿತ್ತು. “ಔಷಧ ಕೆಲಸ ಮಾಡಾಕತ್ತೈತಿ” ಎಂದು ನಾನೇ ಧೈರ್ಯ ಹೇಳಿದೆ.

ಒಂದು ಮಧ್ಯಾಹ್ನ ಇವರು ಕಟ್ಟೆಯ ಮೇಲೆ ಕುಸಿದು ಕೂತರು. ಮುಖದ ತುಂಬ ಬೆವರು.

“ಎದಿ ಹಿಡದಂಗ ಆಗೇತಿ ನೋಡು.”

ನಾನು ಗಂಗವ್ವನ ಮನೆಗೆ ಓಡಿದೆ. ಗಂಗವ್ವನ ಮಗ ಕಾರು ತಂದ. ಗದಗ ಮುಟ್ಟುವವರೆಗೆ ನಾನು ಇವರ ಕೈ ಬಿಡಲಿಲ್ಲ. ಮಾತೂ ಆಡಲಿಲ್ಲ. ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ನೋಡಿಯೇ ಇವರು ಹೆಚ್ಚು ಹೆದರಿದರಂತೆ!

ಡಾಕ್ಟರು ಪರೀಕ್ಷೆಯನ್ನೆಲ್ಲ ಮಾಡಿದರು. ಹೃದಯ ಗಟ್ಟಿಯಾಗಿತ್ತು. ಎದೆ ಹಿಡಿದದ್ದು ಹಸಿ ಸೋಯಾದ ವಾಯು. ಆದರೆ ಬಿಪಿ ಏರಿಬಿಟ್ಟಿತ್ತು.

“ಗುಳಿಗಿ ಬಿಡಸಿದವ್ರು ಯಾರು?”

ಮದುವೆಯಾದಾಗಿನಿಂದ ನನ್ನ ಮೇಲೆ ಚಾಡಿ ಹೇಳುವ ಅವಕಾಶ ಬಿಡದ ಮನುಷ್ಯ, “ನಾನ ಮರತೇನ್ರಿ” ಎಂದರು. ಎಂಥ ಹೊತ್ತಿನಲ್ಲಿ ಒಳ್ಳೆಯವರಾಗುತ್ತಾರೆ ನೋಡಿ! ಕೇಳಲಾಗದೆ, “ನಾ ಬಿಡಸಿದೆ” ಎಂದೆ.

ಜೊತೆಗೆ ಬಂದಿದ್ದ ಸವಿತಾ ತಲೆಗೆ ಕೈ ಹಚ್ಚಿದಳು. “ಆಯಿ, ಅದು ಗಾಜಿನ ತಟ್ಟ್ಯಾಗಿನ ಜೀವಕೋಶದ ಮಾತು. ಅಜ್ಜನ ಮೈಯಾಗೂ ಹಂಗ ಆಗತೈತಂತ ಹೇಳಾಕ ಬರಂಗಿಲ್ಲ. ಸೋಯಾ ಬೇಯಿಸಿ ತಿಂದ್ರ ಚೊಲೋ. ಗುಳಿಗಿ ಬದಲಿ ಅಲ್ಲ. ಅದನ್ನ ಹೇಳಾಕ ಹೊಂಟಿದ್ದೆ, ನೀ ಎದ್ದ ಹೋದಿ!”

ಡಾಕ್ಟರು ನಗು ತಡೆದುಕೊಂಡು, “ಅಮ್ಮಾ, ನಿಮ್ಮ ಕೈನೂ ಸ್ವಲ್ಪ ಕೊಡ್ರಿ” ಎಂದು ಪಟ್ಟಿ ಸುತ್ತಿ ಗಾಳಿ ತುಂಬಿದರು. “ಇವ್ರಕಿಂತ ನಿಮ್ಮ ಬಿಪಿನ ಹೆಚ್ಚೈತಲ್ರಿ!”

ಮರುದಿನ ಬೆಳಿಗ್ಗೆ ಇವರ ಕೈಗೆ ಗುಳಿಗೆ ಕೊಟ್ಟೆ, ನೀರು ಕುಡಿಸಿದೆ, ನಾಲಿಗೆಯ ಕೆಳಗೆ ಬಚ್ಚಿಟ್ಟಿದ್ದಾರೇನೋ ಎಂದು ಬಾಯಿ ತೆರೆಸಿ ನೋಡಿದೆ. ಆಮೇಲೆ ಡಾಕ್ಟರು ನನಗೂ ಬರೆದುಕೊಟ್ಟ ಗುಳಿಗೆ ಬಾಯಿಗೆ ಹಾಕಿಕೊಂಡೆ. ಅದು ನನ್ನ ಗಂಟಲಲ್ಲೂ ಇಳಿಯಲಿಲ್ಲ! ಎರಡು ತಂಬಿಗೆ ನೀರು ಬೇಕಾಯಿತು.

ಇವರು ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು.

“ಎಲ್ಲಿ, ಬಾಯಿ ತೆಗಿ ನೋಡೂಣು.”

ತೆರೆದೆ.